ಬಿಸಿಲೇರುವ ಮೊದಲು ಕರ್ನಾಳಾ

ಮೇ ತಿಂಗಳಲ್ಲಿ ಬೆಟ್ಟ ಹತ್ತೋಣ ಎಂದಾಗ ನಮ್ಮ ಸಂಘದ ಕಮಿಟಿಯಲ್ಲಿ ನಕ್ಕವರೇ ಜಾಸ್ತಿ. ಮುಂಬಯಿಯವರಿಗೆ ಬೆಟ್ಟ ನೆನಪಾಗುವುದು ಜುಲೈನಲ್ಲಿ, ಮಳೆ ಹಿಡಿದ ಮೇಲೆ. ಆಗ ಹೋದರೆ ಮುಂದಿರುವವರ ಬ್ಯಾಗು ಬಿಟ್ಟು ಬೇರೇನೂ ಕಾಣುವುದಿಲ್ಲ. ದಾರಿಯೆಲ್ಲ ಕೆಸರು, ಬಂಡೆ ಮೇಲೆ ಪಾಚಿ, ತುದಿ ಮುಟ್ಟಿದರೆ ಬರೀ ಮೋಡ. ಬೆಟ್ಟವನ್ನು ನೋಡಬೇಕು ಅಂತಿದ್ದರೆ ಬೇಸಿಗೆಯ ಬೆಳಿಗ್ಗೆಯೇ ಹೋಗಬೇಕು ಎನ್ನುವುದು ನನ್ನ ಹಳೇ ವಾದ. ಈ ಸಲ ಕರ್ನಾಳಾ ಕೋಟೆಯ ಬೆಟ್ಟಕ್ಕೆ ಹೋಗಿ ಬಂದವರಲ್ಲಿ ಅರ್ಧ ಜನ ಒಪ್ಪಿದ್ದಾರೆ. ಉಳಿದರ್ಧ ಜನರಿಗಾಗಿ ಈ ಸಂಪಾದಕೀಯ.

ಕರ್ನಾಳಾ ದೂರವೇನಲ್ಲ. ಮುಂಬಯಿ ಲೋಕಲ್ ರೈಲಿನ ಹಾರ್ಬರ್ ಲೈನಿನ ಕೊನೆಯ ಸ್ಟೇಷನ್ ಪನ್ವೇಲ್. ಅಲ್ಲಿಂದ ಗೋವಾ ಹೆದ್ದಾರಿಯಲ್ಲಿ ಹತ್ತು-ಹನ್ನೆರಡು ಕಿಲೋಮೀಟರ್. ಆ ದಾರಿಯಲ್ಲಿ ಹೋದವರೆಲ್ಲ ಕಿಟಕಿಯಿಂದ ನೋಡಿಯೇ ಇರುತ್ತೀರಿ: ಕಾಡು ಹೊದ್ದ ಬೆಟ್ಟ, ಅದರ ನೆತ್ತಿಯಲ್ಲಿ ಹೆಬ್ಬೆಟ್ಟು ಎತ್ತಿದಂತೆ ನಿಂತ ಕಪ್ಪು ಕಲ್ಲು. ಎತ್ತರ ಸುಮಾರು 440 ಮೀಟರ್, ಅಷ್ಟೇ. ಸುತ್ತಲಿನ ಕಾಡು 1968ರಿಂದ ಪಕ್ಷಿಧಾಮ. ಗೇಟಿನಲ್ಲಿ ಬ್ಯಾಗು ತೆರೆಸಿ ಪ್ಲಾಸ್ಟಿಕ್ ಬಾಟಲಿ ಎಣಿಸಿ ಡಿಪಾಸಿಟ್ ಕಟ್ಟಿಸಿಕೊಂಡರು. ನಮ್ಮವರು ಸ್ವಲ್ಪ ಗೊಣಗಿದರು. ನಮ್ಮ ರಾಜ್ಯೋತ್ಸವದ ಊಟದ ಹಾಲಿನಲ್ಲೂ ಇಂಥ ಒಂದು ಟೇಬಲ್ ಹಾಕಿದರೆ ಚೆನ್ನಾಗಿರುತ್ತಿತ್ತು ಎಂದು ನನಗೆ ಅನಿಸಿತು.

ಮೊದಲರ್ಧ ದಾರಿ ಪೂರ್ತಿ ಮರಗಳ ಕೆಳಗೆ. ಬೇಸಿಗೆಯಲ್ಲಿ ಎಷ್ಟೋ ಮರಗಳು ಎಲೆ ಉದುರಿಸಿರುತ್ತವೆ, ಹಾಗಾಗಿ ಹಕ್ಕಿಗಳು ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಮಳೆಗೆ ಮುಂಚಿನ ಈ ದಿನಗಳು ಬಹಳಷ್ಟು ಹಕ್ಕಿಗಳಿಗೆ ಜೋಡಿ ಹುಡುಕುವ, ಗೂಡು ಕಟ್ಟುವ ಕಾಲ. ಅದಕ್ಕೇ ಅಷ್ಟು ಗದ್ದಲ. ಕುಟ್ರುಹಕ್ಕಿ ಒಂದೇ ಸಮ ಕೂಗುತ್ತಿತ್ತು. ಬಾಲದ ತುದಿಯಲ್ಲಿ ಎರಡು ಗರಿ ನೇತಾಡಿಸಿಕೊಂಡು ಭೀಮರಾಜ ಬಂದ. ಬೇರೆ ಹಕ್ಕಿಗಳ ದನಿಯನ್ನು ಅಣಕಿಸುವುದರಲ್ಲಿ ಇವನನ್ನು ಮೀರಿಸುವವರಿಲ್ಲ. ಆಮೇಲೆ ತೊರೆಯ ಒಣಗಿದ ಪಾತ್ರದ ಕಡೆಯಿಂದ ಯಾರೋ ಹುಡುಗ ಸುಮ್ನೆ ಶಿಳ್ಳೆ ಹಾಕುತ್ತಾ ಹೋದಂತೆ ಕೇಳಿಸಿತು. ಅದು ಮಲಬಾರ್ ಸಿಳ್ಳಾರ. ನಮ್ಮ ಮಕ್ಕಳು ನಿಂತಲ್ಲೇ ಅದರ ಜೊತೆ ಪೈಪೋಟಿಗೆ ಇಳಿದರು. ಮಕ್ಕಳಿಗೆ ಬೋರಾಗುತ್ತದೆ ಎಂದು ಹೆದರಿಸಿದ್ದ ಅಪ್ಪಂದಿರು ಆ ಹೊತ್ತಿಗೆ ಏದುಸಿರು ಬಿಡುತ್ತಾ ಹಿಂದೆಲ್ಲೋ ಕೂತಿದ್ದರು.

ದಿಣ್ಣೆ ಮುಟ್ಟಿ ಕರ್ಣಾಯಿ ದೇವಿಯ ಗುಡಿ ದಾಟಿದ ಮೇಲೆ ನೆರಳು ಮುಗಿಯುತ್ತದೆ, ಕಲ್ಲು ಶುರುವಾಗುತ್ತದೆ. ಇಲ್ಲಿ ಕೈಯನ್ನೂ ಬಳಸಬೇಕು. ಒಣಗಿದ ಬಂಡೆಯಲ್ಲಿ ಚಪ್ಪಟೆ ಶೂ ಕೂಡ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಇದೇ ಜಾಗ ಜಾರುಬಂಡೆ. ರಾಮನಗರದ ಬೆಟ್ಟ ಹತ್ತಿದವರಿಗೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಅಲ್ಲಿ ಗ್ರಾನೈಟ್, ಸುಮಾರು 250 ಕೋಟಿ ವರ್ಷದ್ದು, ಉಜ್ಜಿ ಉಜ್ಜಿ ದುಂಡಗಾಗಿದೆ. ಇಲ್ಲಿ ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ. ಅಂಚುಗಳು ಇನ್ನೂ ಚೂಪು. ಇದೇ ಕರಿಕಲ್ಲು ವಿಜಯಪುರ, ಬೆಳಗಾವಿಯವರೆಗೂ ಹಬ್ಬಿದೆ. ಗುಂಪಿನಲ್ಲಿದ್ದ ಬಿಜಾಪುರದ ಕಾಕಾ ಬಂಡೆಯನ್ನು ತಟ್ಟಿ ನೋಡಿ, "ಇದು ನಮ್ಮ ಕಡೀದs ಕಲ್ಲು" ಎಂದು ತೀರ್ಪು ಕೊಟ್ಟರು. ಭೂವಿಜ್ಞಾನವೂ ಅದನ್ನೇ ಹೇಳುತ್ತದೆ.

ಕೋಟೆಯ ಬಾಗಿಲು ದಾಟಿದರೆ ಆ ಕಲ್ಲುಕಂಬದ ಬುಡ. ನೂರು ಅಡಿಗೂ ಮಿಕ್ಕಿದ ಎತ್ತರ. ಬುಡದಲ್ಲಿ ಬಂಡೆ ಕೊರೆದು ಮಾಡಿದ ನೀರಿನ ತೊಟ್ಟಿಗಳಿವೆ, ಕೋಟೆಯ ಕಾಲದವು. ಆದರೆ ನಾವೆಲ್ಲ ಕತ್ತೆತ್ತಿ ನೋಡಿದ್ದು ಹೆಜ್ಜೇನನ್ನು. ಬಂಡೆಯ ಸಂದಿಯಲ್ಲಿ ಒಂದು ದೊಡ್ಡ ಹುಟ್ಟು ತೂಗುತ್ತಿತ್ತು. ಮೊದಲು ಕಪ್ಪು ಕಲೆಯ ಹಾಗೆ ಕಂಡಿತು. ಸ್ವಲ್ಪ ಹೊತ್ತು ನೋಡುತ್ತಾ ನಿಂತರೆ ಅದರ ಮೈಮೇಲೆ ಒಂದು ಅಲೆ ಸರ್ರನೆ ಓಡಿತು, ನಿಂತಿತು, ಮತ್ತೆ ಓಡಿತು. ಸಾವಿರಾರು ಹುಳುಗಳು ಒಂದರ ಹಿಂದೊಂದು ಬೆನ್ನು ಎತ್ತಿ ಇಳಿಸುವುದರಿಂದ ಹಾಗೆ ಕಾಣುತ್ತದೆ. ಕಣಜದ ಹುಳದಂಥ ವೈರಿ ಹತ್ತಿರ ಬಂದರೆ ಅವು ಹೆದರಿಸುವುದು ಹೀಗೇ. ಇಲ್ಲಿ ಸೆಂಟು ಹಾಕಿಕೊಂಡು ಬರಬೇಡಿ, ಬೀಡಿ-ಸಿಗರೇಟು ಹಚ್ಚಬೇಡಿ, ಕೂಗಾಡಬೇಡಿ ಎನ್ನುವುದು ಸುಮ್ಮನೆ ಹೇಳುವ ಮಾತಲ್ಲ. ನಾವು ಪಿಸುಮಾತಿನಲ್ಲೇ ಗ್ರೂಪ್ ಫೋಟೋ ತೆಗೆಸಿಕೊಂಡೆವು. ನಮ್ಮ ಸಂಘದ ಇತಿಹಾಸದಲ್ಲಿ ಇದು ಮೊದಲ ಸಲ ಇರಬೇಕು.

ಮೇಲಿನಿಂದ ಪ್ರಬಲಗಡ ಕೋಟೆಯ ಬೆಟ್ಟ ಕಂಡಿತು, ಪನ್ವೇಲಿನ ಕಟ್ಟಡಗಳೂ ಕಂಡವು. ಬೇಸಿಗೆಯಲ್ಲಿ ದೂರವೆಲ್ಲ ಮಸುಕು, ಅದನ್ನು ಒಪ್ಪುತ್ತೇನೆ.

ಇನ್ನು ಸೆಖೆ. ಎಲ್ಲರ ತಕರಾರೂ ಅದೇ. ವಿಜಯಪುರದಲ್ಲಿ 40 ಡಿಗ್ರಿ ಇದ್ದರೂ ಬೆವರು ಆರುತ್ತದೆ. ಇಲ್ಲಿ 34 ಇದ್ದರೂ ಗಾಳಿಯಲ್ಲಿ ಕಡಲಿನ ಪಸೆ, ಬೆವರು ಮೈಮೇಲೇ ಇರುತ್ತದೆ. ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ, ಇನ್ನಷ್ಟು ಬೆವರುತ್ತದೆ, ಅದರ ಜೊತೆ ಉಪ್ಪೂ ಹೋಗುತ್ತದೆ. ಹಾಗಾಗಿ ಬರೀ ನೀರು ಕುಡಿದರೆ ಸಾಲದು, ಉಪ್ಪೂ ಬೇಕು. ಉಡುಪಿ ಕಡೆಯ ಅಕ್ಕ ಒಬ್ಬರು ತಂದ ಉಪ್ಪು ಹಾಕಿದ ಪುನರ್ಪುಳಿ (ಕೋಕಂ) ಪಾನಕದ ಮುಂದೆ ಅಂಗಡಿಯ ಎನರ್ಜಿ ಡ್ರಿಂಕುಗಳನ್ನು ಯಾರೂ ಮುಟ್ಟಲಿಲ್ಲ. ಅದಕ್ಕಿಂತ ಮುಖ್ಯವಾದದ್ದು ಗಡಿಯಾರ. ಗೇಟು ತೆರೆಯುವ ಹೊತ್ತಿಗೆ ಅಲ್ಲಿರಬೇಕು, ಹತ್ತರೊಳಗೆ ಕಲ್ಲು ಬಿಟ್ಟು ಮರದ ನೆರಳಿಗೆ ಇಳಿದಿರಬೇಕು. ಕರಿಕಲ್ಲು ಕಾದ ಮೇಲೆ ಕೈ ಇಡಲಾಗುವುದಿಲ್ಲ. ಮೊಣಕಾಲು ನೋವಿರುವವರು ಗುಡಿಯವರೆಗೆ ಬಂದರೂ ಸಾಕು, ಹಕ್ಕಿಗಳೆಲ್ಲ ಅದಕ್ಕಿಂತ ಕೆಳಗೇ ಸಿಗುತ್ತವೆ.

ವಾಪಸ್ ಬರುವಾಗ ಹೆದ್ದಾರಿ ಬದಿಯಲ್ಲಿ ಆದಿವಾಸಿ ಹೆಂಗಸರು ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು ಮಾರುತ್ತಿದ್ದರು. ಇದೂ ಮೇ ತಿಂಗಳ ಲಾಭವೇ ಅಲ್ವಾ? ಹಾಗೇ ಮುಂದೆ ಬಂದರೆ ಶಿರ್ಢೋಣ್, ವಾಸುದೇವ ಬಲವಂತ ಫಡಕೆ 1845ರಲ್ಲಿ ಹುಟ್ಟಿದ ಊರು. ಅವರ ಅಜ್ಜ ಕರ್ನಾಳಾದ ಕಿಲ್ಲೇದಾರರು, ಅಂದರೆ ಕೋಟೆಯ ಅಧಿಕಾರಿ, ಆಗಿದ್ದರು. ಬ್ರಿಟಿಷರ ವಿರುದ್ಧ ಬಂಡೆದ್ದ ಮೊಮ್ಮಗ 1879ರ ಜುಲೈನಲ್ಲಿ ಸಿಕ್ಕಿಬಿದ್ದದ್ದು ಆಗಿನ ಕಲಾದಗಿ ಜಿಲ್ಲೆಯ ದೇವರ ನಾವದಗಿಯಲ್ಲಿ. ಅದು ಈಗ ವಿಜಯಪುರ ಜಿಲ್ಲೆ. ಏಡನ್ ಜೈಲಿನಲ್ಲಿ 1883ರಲ್ಲಿ ತೀರಿಕೊಂಡರು. ಇದನ್ನು ಹೇಳಿದಾಗ ಬಿಜಾಪುರದ ಕಾಕಾ ಒಂದು ಕ್ಷಣ ಸುಮ್ಮನಾದರು. ಆಮೇಲೆ, ಚಳಿಗಾಲದಲ್ಲಿ ಎಲ್ಲರನ್ನೂ ಆ ಊರಿಗೆ ಕರೆದೊಯ್ಯುವುದಾಗಿ ಬಸ್ಸಿನಲ್ಲೇ ಘೋಷಿಸಿದರು. ಖರ್ಚು ಯಾರದೆಂದು ಮಾತ್ರ ಹೇಳಲಿಲ್ಲ.

ಮಳೆಗೆ ಮುಂಚೆ ಇನ್ನೊಂದು ಬೆಟ್ಟ ನೋಡುವ ಯೋಚನೆ ಇದೆ. ಎಸಿ ರೆಸಾರ್ಟೇ ಬೇಕು ಎನ್ನುವವರು ಭಾನುವಾರದ ಕಮಿಟಿ ಸಭೆಗೆ ಬಂದು ವಾದ ಮಾಡಬಹುದು. ಸಭೆ ಬೆಳಿಗ್ಗೆ ಆರಕ್ಕೆ.