ಮುಖಕ್ಕೆ ಏನನ್ನಾದರೂ ಹಚ್ಚುವ ಮುಂಚೆ

ಪ್ರೀತಿಯ ಪುಟ್ಟಿ,

ನಿನ್ನ ಮುಖದ ಗುಳ್ಳೆಗಳ ಫೋಟೋ ನೋಡಿದೆ. ರೂಮಿನ ಗೆಳತಿ ಕೊಟ್ಟ ಟ್ಯೂಬ್ ಹಚ್ಚಲಾ ಎಂದು ಕೇಳಿದ್ದೀಯ. ಬೇಡ ಮಗಳೇ. ಅದರ ಮೇಲೆ ಬೆಟಾಮೆಥಾಸೋನ್, ಮೊಮೆಟಾಸೋನ್ ಅಥವಾ ಕ್ಲೋಬೆಟಾಸಾಲ್ ಎಂದಿದೆಯಾ, ಓದಿ ನೋಡು. ಇವೆಲ್ಲ ಸ್ಟೀರಾಯ್ಡ್. ಮೊದಮೊದಲು ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಕೂದಲು ಬೆಳೆಯುತ್ತದೆ, ಮೊಡವೆ ಇನ್ನೂ ಜಾಸ್ತಿಯಾಗುತ್ತದೆ. ಬಿಟ್ಟರೆ ಉರಿ, ಕೆಂಪು. ಉರಿ ತಡೆಯಲಾರದೆ ಮತ್ತೆ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದಿತು. ಆದರೂ ಎಷ್ಟೋ ಅಂಗಡಿಗಳಲ್ಲಿ ಕೇಳಿದವರಿಗೆಲ್ಲ ಕೊಡುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೇ.

ನಿನ್ನ ಹಣೆ, ಕೆನ್ನೆಯ ಮೇಲಿರುವುದು ಮೊಡವೆ. ನಿನ್ನ ವಯಸ್ಸಿನಲ್ಲಿ ಹಾರ್ಮೋನಿನಿಂದಾಗಿ ಚರ್ಮದಲ್ಲಿ ಜಿಡ್ಡು ಹೆಚ್ಚುತ್ತದೆ. ಜಿಡ್ಡಿನ ಜೊತೆ ಸತ್ತ ಚರ್ಮ ಸೇರಿ ರಂಧ್ರ ಮುಚ್ಚುತ್ತದೆ. ಮೂಗಿನ ಮೇಲಿನ ಕಪ್ಪು ಚುಕ್ಕಿ ಕೊಳೆ ಅಲ್ಲ. ರಂಧ್ರದ ಬಾಯಿ ತೆರೆದಿದ್ದು, ಗಾಳಿ ತಾಗಿ ಕಪ್ಪಾಗಿದೆ ಅಷ್ಟೇ. ಎಷ್ಟು ಉಜ್ಜಿದರೂ ಹೋಗದು, ಸುಮ್ನೆ ಚರ್ಮ ಕೆರಳುತ್ತದೆ. ನಿಂಬೆರಸ, ಟೂತ್‌ಪೇಸ್ಟ್ ಕೂಡ ಬೇಡ. ಡಾಕ್ಟರು ಬೆಂಜಾಯ್ಲ್ ಪೆರಾಕ್ಸೈಡ್ ಎಂಬ ಮೊಡವೆ ಔಷಧಿ ಬರೆದುಕೊಟ್ಟರೆ ಬಿಳಿ ದಿಂಬಿನ ಕವರ್ ಹಾಕಿಕೋ, ಬಣ್ಣದ ಬಟ್ಟೆಯನ್ನು ಅದು ಬಿಳಿಚಿಸುತ್ತದೆ. ಗುಣ ಕಾಣಲು 6ರಿಂದ 8 ವಾರ ಬೇಕು. ಒಂದೇ ವಾರಕ್ಕೆ ಬೇಸರಪಟ್ಟು ಬಿಡಬೇಡ. ಚಿವುಟಬೇಡ. ನಮ್ಮಂಥ ಕಂದು ಬಣ್ಣದವರಿಗೆ ಮೊಡವೆ ಆರಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಬಿಸಿಲಿಗೆ ಅದು ಇನ್ನೂ ಗಾಢವಾಗುತ್ತದೆ, ಸನ್‌ಸ್ಕ್ರೀನ್ ಮರೆಯಬೇಡ.

ನನ್ನ ಕೆನ್ನೆಯ ಮೇಲೆ ಕಂದು ಪಟ್ಟೆ ಇದೆಯಲ್ಲ, ಅದು ಬಂಗು. ನೀನು ಹೊಟ್ಟೆಯಲ್ಲಿದ್ದಾಗ ಬಂತು. ಬಸುರಿಯರಿಗೆ ಹೀಗಾಗುವುದುಂಟು. ನಿನ್ನ ಮೊಡವೆ ಕಲೆಯೂ ಇದೂ ಒಂದೇ ಎಂದುಕೊಂಡು ನನ್ನ ಬಂಗಿನ ಕ್ರೀಮನ್ನು ನೀನು ಹಚ್ಚಿಕೊಳ್ಳಬಾರದು.

ಬೆನ್ನಿನ ಮಾಸಲು ಬಿಳಿ ಚುಕ್ಕೆಗಳನ್ನು ನೋಡಿ ತೊನ್ನು ಎಂದು ನೀನು ಅತ್ತುಬಿಟ್ಟೆಯಂತೆ. ನನಗೆ ಚಿಬ್ಬು ಎನಿಸುತ್ತದೆ. ಚಿಬ್ಬನ್ನು ಮೆಲ್ಲಗೆ ಕೆರೆದರೆ ಸಣ್ಣ ಹೊಟ್ಟು ಏಳುತ್ತದೆ. ಎಲ್ಲರ ಚರ್ಮದ ಮೇಲೂ ಇರುವ ಒಂದು ಬಗೆಯ ಶಿಲೀಂಧ್ರ, ಸೆಕೆಗೆ, ಬೆವರಿಗೆ ಹೆಚ್ಚಿ ಹೀಗೆ ಮಾಡುತ್ತದೆ. ಔಷಧಿಗೆ ಹೋಗುತ್ತದೆ, ಬಣ್ಣ ಮರಳಲು ಮಾತ್ರ ಕೆಲವು ತಿಂಗಳು ಬೇಕು. ತೊನ್ನು ಹಾಲಿನಂತೆ ಬೆಳ್ಳಗೆ, ಹೊಟ್ಟು ಏಳುವುದಿಲ್ಲ. ಒಂದು ವೇಳೆ ತೊನ್ನೇ ಆದರೂ ನೀನು ಅಳಬೇಕಾದ್ದಿಲ್ಲ. ಅದು ಅಂಟುವುದಿಲ್ಲ, ಯಾರ ಪಾಪದ ಫಲವೂ ಅಲ್ಲ. ಬಣ್ಣ ಕೊಡುವ ಜೀವಕೋಶಗಳ ಮೇಲೆ ನಮ್ಮ ದೇಹವೇ ತಿರುಗಿಬೀಳುವುದರಿಂದ ಬರುತ್ತದೆ. ತೊನ್ನಿರುವವರ ಲೋಟ ಬೇರೆ ಇಡುವ ಮನೆಗಳು ಈಗಲೂ ಇವೆ. ನೀನೆಂದೂ ಹಾಗೆ ಮಾಡಬೇಡ.

ತುಟಿಯ ಕೆಳಗಿನ ಮಚ್ಚೆ ಹುಟ್ಟಿದಾಗಿನಿಂದ ಇದೆ, ಇರಲಿ. ಯಾವುದೇ ಮಚ್ಚೆ ದೊಡ್ಡದಾದರೆ, ಅಂಚು ಅಂಕುಡೊಂಕಾದರೆ, ಬಣ್ಣ ಬದಲಾದರೆ, ರಕ್ತ ಬಂದರೆ ಮಾತ್ರ ತಡಮಾಡದೆ ತೋರಿಸಬೇಕು. ಬೆರಳಿನ ನರಹುಲಿಯನ್ನು ಬ್ಲೇಡಿನಿಂದ ಕೊಯ್ಯಬೇಡ. ಅದು ವೈರಸ್ಸಿನಿಂದ ಬರುವಂಥದ್ದು, ಹರಡುತ್ತದೆ.

ನಿನ್ನ ಪಿ.ಜಿ.ಯಿಂದ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಹತ್ತಿರವೇ ಅಲ್ವಾ? ಅಲ್ಲಿ ಚರ್ಮರೋಗದ ವಿಭಾಗವಿದೆ. ಬೆಳಿಗ್ಗೆ ಬೇಗ ಹೋಗು, ಬೆನ್ನನ್ನೂ ತೋರಿಸು. ಈವರೆಗೆ ಏನೇನು ಹಚ್ಚಿದ್ದೀಯೋ ಎಲ್ಲವನ್ನೂ ಮುಚ್ಚುಮರೆ ಇಲ್ಲದೆ ಹೇಳು. ಅವರು ಏನೆಂದರು ಎಂದು ಸಂಜೆ ಫೋನ್ ಮಾಡು.

ನಿನ್ನ ಅಮ್ಮ