ಜೀವಕೋಶ ಬೆಳೆಸುವ ಪ್ಲಾಸ್ಟಿಕ್ ಚೀಲಗಳ ಬಗ್ಗೆ: ಸದಸ್ಯರ ಗಮನಕ್ಕೆ

ಮಿತ್ರರೇ, ನಮಸ್ಕಾರ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲಗಳಲ್ಲಿ ಪ್ರಯೋಗಕ್ಕೆ ಬೇಕಾದ ಜೀವಕೋಶ ಬೆಳೆಸಬಹುದೇ ಎಂದು ನಿನ್ನೆ ಗುಂಪಿನಲ್ಲಿ ಕೇಳಿದ್ದೀರಿ. ಬೆಳೆಸಬಹುದು. ಆದರೆ 'ಸ್ಟೆರೈಲ್' ಎಂಬ ಚೀಟಿಯೊಂದನ್ನೇ ನಂಬಬೇಡಿ. ಕ್ರಿಮಿಗಳಿಲ್ಲ ಎಂದರೆ ಕೋಶಕ್ಕೆ ಹಿತ ಎಂದರ್ಥವಲ್ಲ.

ಚೀಲದ ಪಾಲಿಎಥಿಲೀನ್ ಪ್ಲಾಸ್ಟಿಕ್ ಹಾಳೆ ಕೆಡದಿರಲೆಂದು ಇರ್ಗಾಫಾಸ್ 168 ಎಂಬ ರಾಸಾಯನಿಕವನ್ನು ಬೆರೆಸುತ್ತಾರೆ. ಕ್ರಿಮಿಗಳನ್ನು ಕೊಲ್ಲಲು ಚೀಲವನ್ನು ಗಾಮಾ ಕಿರಣಕ್ಕೆ ಒಡ್ಡಿದಾಗ ಈ ರಾಸಾಯನಿಕ ಒಡೆದು ಒಂದು ಫಾಸ್ಫೇಟ್ ಸಂಯುಕ್ತವಾಗುತ್ತದೆ, ನಿಧಾನವಾಗಿ ಕೋಶಗಳಿಗೆ ಆಹಾರವಾಗುವ ಪೋಷಕ ದ್ರವಕ್ಕೆ ಇಳಿಯುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂಗಿಂತ ಕಡಿಮೆಯಿದ್ದರೂ ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬೆಳೆಸುವ ಚೀನೀ ಹ್ಯಾಮ್‌ಸ್ಟರ್ (ಇಲಿಯಂಥ ಪ್ರಾಣಿ) ಅಂಡಾಶಯದ ಕೋಶಗಳ ಬೆಳವಣಿಗೆ ಕುಂಠಿತವಾಗುತ್ತದೆ. ಇದು 2013ರಲ್ಲಿ ಪ್ರಕಟವಾದ ಸಂಗತಿ. ಸೀರಮ್ (ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ) ಬೆರೆಸದ ಪೋಷಕ ದ್ರವ ಬಳಸುವವರು ಇನ್ನೂ ಎಚ್ಚರವಾಗಿರಬೇಕು. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿಗೆ ಭರಣಿಯನ್ನೇ ಹುಡುಕುತ್ತಿದ್ದ ಅಜ್ಜಿಯಂದಿರಿಗೆ ಈ ವಿವೇಕ ಸಹಜವಾಗಿಯೇ ಇತ್ತು.

ಆದ್ದರಿಂದ ಹೊಸ ಚೀಲ ಬಂದ ಕೂಡಲೇ ಅದರಲ್ಲಿ ಪೋಷಕ ದ್ರವ ತುಂಬಿ 37 ಡಿಗ್ರಿಯಲ್ಲಿ ಕೆಲವು ದಿನ ಇಡಿ. ಅದೇ ದ್ರವವನ್ನು ಗಾಜಿನ ಬಾಟಲಿಯಲ್ಲೂ ಇಡಿ. ನಂತರ ಎರಡೂ ದ್ರವಗಳಲ್ಲಿ ನೀವು ನಿಜವಾಗಿ ಬಳಸುವ ಕೋಶಗಳನ್ನೇ ಬೆಳೆಸಿ, ಎಣಿಸಿ ಹೋಲಿಸಿ. ಚಿಕ್ಕ ಚೀಲದಲ್ಲಿ ದ್ರವಕ್ಕೆ ತಾಗುವ ಹಾಳೆಯ ಪಾಲು ಹೆಚ್ಚು, ಹಾಗಾಗಿ ಪರೀಕ್ಷೆಗೆ ಅದೇ ಒಳ್ಳೆಯದು.

ದಾವಣಗೆರೆಯ ಬೇಸಿಗೆಯಲ್ಲಿ ಪೆಟ್ಟಿಗೆಗಳನ್ನು ಬಿಸಿಲು ಬೀಳುವ ವರಾಂಡದಲ್ಲಿ ಬಿಡಬೇಡಿ. ತಯಾರಕರು ಹೇಳಿದ ತಾಪಮಾನದಲ್ಲೇ ಇಡಿ. ಫಲಿತಾಂಶವನ್ನು ಇಲ್ಲಿ ಹಾಕುವಾಗ ಚೀಲದ ಲಾಟ್ (ತಯಾರಿಕೆಯ ಕಂತು) ಸಂಖ್ಯೆ, ಗಾಮಾ ಕಿರಣ ಹಾಯಿಸಿದ ದಿನಾಂಕ, ಕೋಶದ ಹೆಸರು, ಮೂರನ್ನೂ ದಯವಿಟ್ಟು ಬರೆಯಿರಿ. ಚಿತ್ರದುರ್ಗದ ಸದಸ್ಯರು ಶನಿವಾರದೊಳಗೆ ತಮ್ಮ ಎಣಿಕೆಗಳನ್ನು ಕಳುಹಿಸಿದರೆ ಒಟ್ಟಿಗೆ ನೋಡೋಣ.