ಬಿಲ್ಲಿಗೆ ಕೊಟ್ಟ ನಂಬರ್ ಬಿಲ್ಲಿಗಷ್ಟೇ ಇರಲಿ

ಮಾನ್ಯ ಸಂಪಾದಕರೇ,

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಂದ ಕೂಡಲೇ ಎಲ್ಲರೂ ಗೂಗಲ್, ಫೇಸ್‌ಬುಕ್, ಬ್ಯಾಂಕುಗಳ ಬಗ್ಗೆ ಮಾತಾಡುತ್ತಾರೆ. ಅರಸೀಕೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿರುವ ನನಗೆ ಅದರಲ್ಲಿ ಕಂಡದ್ದು ನಮ್ಮ ಕೌಂಟರೇ. 2023ರ ಈ ಕಾಯ್ದೆಯ ಏಳನೇ ಸೆಕ್ಷನ್ನಿನಲ್ಲಿ ಒಂದು ಉದಾಹರಣೆ ಇದೆ. ಒಬ್ಬ ಮಹಿಳೆ ಔಷಧಿ ಅಂಗಡಿಗೆ ಬರುತ್ತಾರೆ. ದುಡ್ಡು ಕಟ್ಟಿದ ರಸೀದಿಯನ್ನು ಮೊಬೈಲಿಗೆ ಕಳಿಸಿ ಅಂತ ತಾವಾಗಿಯೇ ನಂಬರ್ ಕೊಡುತ್ತಾರೆ. ಅಂಗಡಿಯವನು ಆ ನಂಬರಿಗೆ ರಸೀದಿ ಕಳಿಸಬಹುದು. ಉದಾಹರಣೆ ಅಲ್ಲಿಗೆ ಮುಗಿಯುತ್ತದೆ. ಹಬ್ಬದ ಆಫರ್ ಕಳಿಸಬಹುದು ಅಂತ ಅದರಲ್ಲಿ ಎಲ್ಲೂ ಇಲ್ಲ.

ಈಚೆಗೆ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಕಂಪನಿಯ ಹುಡುಗ ಅಂಗಡಿಗೆ ಬಂದಿದ್ದ. ‘ಸಾರ್, ಶುಗರ್, ಬಿಪಿ ಮಾತ್ರೆ ತಗೊಳ್ಳೋರ ಲಿಸ್ಟನ್ನ ಸಾಫ್ಟ್‌ವೇರೇ ತೆಗೆಯುತ್ತೆ. ಮಾತ್ರೆ ಮುಗಿಯೋ ಹೊತ್ತಿಗೆ ವಾಟ್ಸ್‌ಆ್ಯಪ್ ಹೋಗುತ್ತೆ. ಜೊತೆಗೆ ಪ್ರೋಟೀನ್ ಪೌಡರ್ ಆಫರ್ ಹಾಕೋಣ’ ಅಂದ. ಅವರನ್ನು ಒಂದು ಮಾತು ಕೇಳೋದು ಬೇಡ್ವಾ ಅಂತ ಕೇಳಿದೆ. ‘ನಂಬರ್ ಕೊಟ್ಟಿದ್ದಾರಲ್ಲ ಸಾರ್, ಅದೇ ಒಪ್ಪಿಗೆ’ ಅಂದ.

ಕಾಯ್ದೆ ಒಪ್ಪದೇ ಇರುವುದು ಇದನ್ನೇ. ಯಾವ ಕೆಲಸಕ್ಕೆ ಅಂತ ತಿಳಿದು, ಬಲವಂತವಿಲ್ಲದೆ, ಆ ಕೆಲಸಕ್ಕಷ್ಟೇ ಸ್ಪಷ್ಟವಾಗಿ ಕೊಟ್ಟದ್ದು ಮಾತ್ರ ಒಪ್ಪಿಗೆ. ಆ ಸಾಫ್ಟ್‌ವೇರಿನಲ್ಲಿ ಒಪ್ಪಿಗೆಯ ಸಾಲು ಒಂದಿದೆ, ಇಲ್ಲ ಅನ್ನುವುದಿಲ್ಲ. ಬಿಲ್ ಮಾಡುವ ಪರದೆಯ ಕೆಳಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಅದರ ಮುಂದೆ ಮೊದಲೇ ಟಿಕ್ ಬಿದ್ದಿರುತ್ತದೆ. ಪರದೆ ತಿರುಗಿರುವುದು ನನ್ನ ಕಡೆಗೆ. ಗಿರಾಕಿಗೆ ಕಾಣುವುದು ಅದರ ಹಿಂಭಾಗ ಮತ್ತು ಎರಡು ವೈರು!

ಮಾತ್ರೆ ಮುಗಿಯುತ್ತಿದೆ ಅಂತ ನೆನಪಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ವಯಸ್ಸಾದ ಎಷ್ಟೋ ಜನ ತಾವೇ ‘ಒಂದು ಫೋನ್ ಮಾಡಪ್ಪ’ ಅನ್ನುತ್ತಾರೆ. ಅವರಿಗೆ ಮಾಡಬೇಕು. ಆದರೆ ನಮ್ಮ ಕಡೆ ಕೌಂಟರಿನಲ್ಲಿ ಹೇಳುವ ನಂಬರ್ ಎಷ್ಟೋ ಸಲ ಅವರದ್ದಾಗಿರುವುದಿಲ್ಲ. ಮಗನದ್ದು, ಗಂಡನದ್ದು, ಇಲ್ಲವೇ ಪಕ್ಕದ ಮನೆಯವರದ್ದು. ಹೆಣ್ಣುಮಗಳೊಬ್ಬಳು ಪ್ರೆಗ್ನೆನ್ಸಿ ಟೆಸ್ಟ್ ಕಿಟ್ ಕೊಂಡಿರುತ್ತಾಳೆ ಅಂದುಕೊಳ್ಳಿ. ‘ನೀವು ಕೊಂಡ ವಸ್ತು ಹೇಗಿತ್ತು?’ ಅಂತ ಅಪ್ಪನ ಫೋನಿಗೆ ಮೆಸೇಜ್ ಹೋದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಖಿನ್ನತೆಗೆ, ಫಿಟ್ಸಿಗೆ ಮಾತ್ರೆ ತೆಗೆದುಕೊಳ್ಳುವವರ ಪಾಡೂ ಅದೇ. ಬಟ್ಟೆ ಅಂಗಡಿಯ ಲಿಸ್ಟೂ ನಮ್ಮ ಲಿಸ್ಟೂ ಒಂದೇ ಅಲ್ಲ.

‘ಕಾನೂನು ಪ್ರಕಾರ ನಂಬರ್ ಬೇಕು’ ಅಂತ ಕೆಲವು ಅಂಗಡಿಯವರು ಹೇಳುವುದನ್ನು ಕೇಳಿದ್ದೇನೆ. ಶೆಡ್ಯೂಲ್ ಎಚ್1 ಅಂತ ಸರ್ಕಾರ ಹೆಚ್ಚು ನಿಗಾ ಇಟ್ಟಿರುವ ಪಟ್ಟಿಗೆ ಸೇರಿದ ಔಷಧಿಗಳಿಗೆ ನಾವು ಪ್ರತ್ಯೇಕ ರಿಜಿಸ್ಟರ್ ಇಡಬೇಕು, ನಿಜ. ಅದರಲ್ಲಿ ಬರೆಯಬೇಕಾದ್ದು ಚೀಟಿ ಬರೆದ ಡಾಕ್ಟರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧಿ ಮತ್ತು ಕೊಟ್ಟ ಪ್ರಮಾಣ. ಮೂರು ವರ್ಷ ಇಟ್ಟುಕೊಳ್ಳಬೇಕು. ಆ ಪಟ್ಟಿಯಲ್ಲಿ ಮೊಬೈಲ್ ನಂಬರ್ ಇಲ್ಲ. ನಂಬರ್ ಕೊಡಲೇಬೇಕು ಅಂತ ಗಿರಾಕಿಗಳನ್ನು ಒತ್ತಾಯಿಸಬೇಡಿ ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಸೂಚನೆ ಕೊಟ್ಟಿದೆ. ಈಗಲೂ ನಂಬರ್ ಇಲ್ಲದೆ ಬಿಲ್ಲೇ ಬರುವುದಿಲ್ಲ ಅನ್ನುವ ಕೌಂಟರುಗಳಿವೆ. ಹತ್ತು ಸೊನ್ನೆ ಹೊಡೆದರೆ ಬರುತ್ತದೆ ಅನ್ನುವುದು ಒಳಗಿನವರಿಗೆಲ್ಲ ಗೊತ್ತು.

ಎಸ್‌ಎಂಎಸ್‌ಗಾದರೆ ಒಂದಿಷ್ಟು ಕಡಿವಾಣ ಇದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಅಂಗಡಿಯವನು ಮೊಬೈಲ್ ಕಂಪನಿಗಳ ಡಿಎಲ್‌ಟಿ ಅನ್ನುವ ನೋಂದಣಿ ವ್ಯವಸ್ಥೆಯಲ್ಲಿ ಹೆಸರು ನೋಂದಾಯಿಸಬೇಕು, ಕಳಿಸುವ ಒಕ್ಕಣೆಗೆ ಮೊದಲೇ ಅನುಮತಿ ಪಡೆಯಬೇಕು. ಜಾಹೀರಾತಿನ ಮೆಸೇಜ್ ಆದರೆ ಕಳಿಸಿದವರ ಹೆಸರಿನ ಕೊನೆಗೆ ‘ಪಿ’ ಅಕ್ಷರ ಇರಬೇಕು. ಬೇಡ ಅನ್ನುವವರು 1909ಕ್ಕೆ ತಿಳಿಸಬಹುದು. ವಾಟ್ಸ್‌ಆ್ಯಪ್‌ಗೆ ‘ಬೇಡ’ ಅನ್ನುವ ಈ ವ್ಯವಸ್ಥೆ (ಡಿಎನ್‌ಡಿ) ಅನ್ವಯಿಸುವುದಿಲ್ಲ. ಆಫರ್‌ಗಳೆಲ್ಲ ಅಲ್ಲಿಗೆ ಹಾರಿದ್ದು ಸುಮ್ನೆ ಅಲ್ಲ. ಆದರೆ ಹೊಸ ಕಾಯ್ದೆ ಎಸ್‌ಎಂಎಸ್, ವಾಟ್ಸ್‌ಆ್ಯಪ್ ಅಂತ ಭೇದ ಮಾಡುವುದಿಲ್ಲ. ಅದು ಕೇಳುವುದು ನಂಬರನ್ನು ಯಾವ ಕೆಲಸಕ್ಕೆ ತೆಗೆದುಕೊಂಡಿರಿ ಅಂತ.

ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಜವಾಬ್ದಾರಿಗಳಿಗೆ ಅಲ್ಲಿಂದ 18 ತಿಂಗಳ ಗಡುವು ಇಟ್ಟಿದ್ದಾರೆ. ದಂಡದ ಮಿತಿ 250 ಕೋಟಿ ರೂಪಾಯಿವರೆಗೆ ಅಂದಾಗ ಪಕ್ಕದ ಅಂಗಡಿಯವರು ‘ನನ್ನ ಅಂಗಡಿ ಜೊತೆ ಅರಸೀಕೆರೆ ಸಂತೇನೂ ಮಾರಿದ್ರೂ ಅಷ್ಟಾಗಲ್ಲ’ ಅಂತ ನಕ್ಕರು. ನಗುವುದಿರಲಿ. ನಮ್ಮ ಪರವಾಗಿ ಮೆಸೇಜ್ ಕಳಿಸುವ ಸಾಫ್ಟ್‌ವೇರ್‌ನವರು ಎಡವಟ್ಟು ಮಾಡಿದರೂ ಹೊಣೆ ನಮ್ಮದೇ. ಕರಾರಿನಲ್ಲಿ ಬೇರೆ ಏನೇ ಬರೆದುಕೊಂಡಿದ್ದರೂ ಅಷ್ಟೆ. ಈ ವಿಷಯವನ್ನು ಆ ಹುಡುಗ ಎತ್ತಲೇ ಇಲ್ಲ.

ಹಾಗಾಗಿ ಔಷಧ ವ್ಯಾಪಾರಿಗಳ ಸಂಘಗಳು ಗಡುವಿನ ಕೊನೇ ವಾರದವರೆಗೆ ಕಾಯದೆ ಈಗಲೇ ಈ ಕಂಪನಿಗಳನ್ನು ಕೂರಿಸಿ ಮಾತಾಡಬೇಕು. ಟಿಕ್ ಖಾಲಿ ಇರಲಿ. ಬಿಲ್ಲಿಗೆ ಒಂದು, ಆಫರಿಗೆ ಒಂದು ಅಂತ ಬೇರೆ ಬೇರೆ ಇರಲಿ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು ಅಂತ ಕಾಯ್ದೆಯೇ ಹೇಳಿದೆ. ಅದರಲ್ಲಿ ಕನ್ನಡವೂ ಇದೆ. ಕನ್ನಡದ ಸಾಲು ಗಿರಾಕಿಯ ಕಡೆಗೆ ಕಾಣುವಂತೆ ಇರಲಿ. ಇನ್ನೊಂದು, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ತೆಗೆದುಕೊಳ್ಳಲು ಆಗಬೇಕು. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ನಂಬರ್ ಕೊಟ್ಟವರು ಅದೇ ಕೌಂಟರಿಗೆ ಬಂದು ‘ತೆಗೀರಿ’ ಅಂದರೆ ಅಲ್ಲೇ, ಅವರೆದುರೇ ತೆಗೆಯುವ ಬಟನ್ ಬೇಕು. ಸದ್ಯ ನನ್ನ ಸಾಫ್ಟ್‌ವೇರಿನಲ್ಲಿ ಸೇರಿಸುವ ಬಟನ್ ಮಾತ್ರ ಇದೆ.

— ಒಬ್ಬ ಔಷಧ ವ್ಯಾಪಾರಿ, ಅರಸೀಕೆರೆ